ನರಸಿಂಹಪ್ಪನ ದನಿ ಕಲಿಸಿದವನು

ಹೊಸೂರಿನ ಕಾರ್ಖಾನೆ ಗೇಟುಗಳಲ್ಲಿ ಮುತ್ತರಾಯಪ್ಪ ಅಂತ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರ್ಬಾಯಿ ಅನ್ನಬೇಕಿತ್ತು. ಬೇರಿಕೆ ಪಕ್ಕದ ಹಳ್ಳಿಯವನು. ಮನೆಯೊಳಗೆ ಕನ್ನಡ, ಬದುವಿನಾಚೆ ತೆಲುಗು, ಇಸ್ಕೂಲಿನಲ್ಲಿ ತಮಿಳು. ಮೂರೂ ಒಂದೇ ನಾಲಿಗೆ ಮೇಲೆ ಜಗಳವಿಲ್ಲದೆ ಕೂತಿದ್ದವು. ಗಿಯರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಸವೆದ ಮನುಷ್ಯ. ಆದರೆ ಸಂಘದಲ್ಲಿ ಅವನ ಕೆಲಸ ಬೇರೆ. ಗೇಟ್ ಮೀಟಿಂಗಿಗೆ ಚೆನ್ನೈನಿಂದ ಬಂದ ನಾಯಕ ತಮಿಳಿನಲ್ಲಿ ಒಂದು ಮಾತು ಆಡಿ ನಿಲ್ಲಬೇಕು. ಮುತ್ತರಾಯಪ್ಪ ಅದನ್ನು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳಬೇಕು. ಆಮೇಲೆ ನಾಯಕ ಮುಂದಿನ ಮಾತಿಗೆ ಹೋಗಬೇಕು. ನಿಲ್ಲದೆ ಓಡುವವರ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆಯುತ್ತಿದ್ದ. ನಾಯಕರು ಹತ್ತು ಮಾತಲ್ಲಿ ಹೇಳಿದ್ದನ್ನು ಎರಡಕ್ಕೆ ಇಳಿಸುತ್ತಿದ್ದ. ಅವರು ತಮ್ಮ ತ್ಯಾಗದ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಪೂರ್ತಿ ನುಂಗಿಬಿಡುತ್ತಿದ್ದ.

"ಅವ್ನು ಅಷ್ಟೊತ್ತು ಬಡ್ಕೊಂಡ, ನೀನು ಇಷ್ಟೇನಾ ಹೇಳಿದ್ದು?" ಅಂತ ಗೆಳೆಯ ನರಸಿಂಹಪ್ಪ ಕೇಳಿದರೆ, "ಮಿಕ್ಕಿದ್ದು ಅವ್ನ ಮನೆ ಪುರಾಣ ಕಣ್ಲಾ. ನಮ್ಗ್ಯಾಕೆ?" ಅನ್ನುತ್ತಿದ್ದ.

ಬೇರೆಯವರ ಮಾತಿನಲ್ಲಿ ಕೆಲಸದ್ದು ಯಾವುದು, ಹೇಳಿಕೊಳ್ಳುವವನ ಮನೆ ಪುರಾಣ ಯಾವುದು ಎಂದು ಅರೆಗಳಿಗೆಯಲ್ಲಿ ಬೇರ್ಪಡಿಸಬಲ್ಲ ಮನುಷ್ಯ ಅರವತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬ ಸಿನಿಮಾ ನಿರ್ದೇಶಕನ ಕೈಯಲ್ಲಿ ಸಿಕ್ಕಿಬಿದ್ದ. ಸಿಕ್ಕಿಬಿದ್ದದ್ದಲ್ಲ, ತಾನಾಗಿ ಹೋಗಿ ಬಿದ್ದ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಗಿಯರ್ ಕಾರ್ಖಾನೆಯವರು ಗೇಟಿಗೆ ಬೀಗ ಜಡಿದು, ಒಳಗಿನ ಮೆಷಿನ್ನುಗಳನ್ನು ಬೇರೆ ರಾಜ್ಯಕ್ಕೆ ಸಾಗಿಸಲು ಹೊರಟಿದ್ದರು. ಮೆಷಿನ್ ಹೋದರೆ ಕೆಲಸವೂ ಹೋಯಿತು. ಕಾರ್ಮಿಕರು ಲಾರಿ ಹೊರಗೆ ಬಾರದಂತೆ ಗೇಟಿನ ಮುಂದೆ ಮಲಗತೊಡಗಿದರು. ಎಲ್ಲರೂ ಒಟ್ಟಿಗೆ ಮಲಗುವುದಲ್ಲ, ಕಾರ್ಖಾನೆಯ ಪಾಳಿಯ ಹಾಗೆಯೇ ಪಾಳಿ. ಇಬ್ಬಿಬ್ಬರು, ಎರಡೆರಡು ಗಂಟೆ. ಹಲಗೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆದಿರುತ್ತಿತ್ತು. ಪಕ್ಕದಲ್ಲಿ ಶಾಮಿಯಾನ, ಮೂರು ಕಲ್ಲಿನ ಒಲೆ. ಅಕ್ಕಿ ಮುಗಿದ ಮೇಲೆ ರಾಗಿ ಅಂಬಲಿಯೊಂದೇ. ಹಿಂದಿನ ದಿನ ಕಾಯಿಸಿ ಮುಚ್ಚಿಟ್ಟರೆ ಬೆಳಗ್ಗೆಗೆ ಮೂಗಿಗೆ ರಾಚುವಷ್ಟು ಹುಳಿ ಬಂದಿರುತ್ತಿತ್ತು. ಒಂದು ಈರುಳ್ಳಿ ಕಚ್ಚಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುತ್ತಿರಲಿಲ್ಲ.

ಎಂಬತ್ತಮೂರನೆಯ ದಿನ ಬೆಳಗ್ಗೆ ಆರು ಗಂಟೆಯ ಪಾಳಿ ಮುತ್ತರಾಯಪ್ಪನದು. ಅಷ್ಟರಲ್ಲಿ ಚೆನ್ನೈನಿಂದ ದೊಡ್ಡ ನಾಯಕರೊಬ್ಬರು ಬಂದಿಳಿದರು. ಮೈಕಿಗೆ ಮೂರ್ಬಾಯಿ ಬೇಕಾಯಿತು. ನರಸಿಂಹಪ್ಪ ಅಂಬಲಿಯ ಚೊಂಬನ್ನು ಪೂರ್ತಿ ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, "ಇಗಾ ಕೇಳು, ನೀನು ಹೋಗು. ನಿನ್ ಜಾಗ್ದಲ್ಲಿ ನಾನು ಮನೀಕತ್ತೀನಿ" ಅಂದ. ಮುತ್ತರಾಯಪ್ಪ ಹೋದ. ಅವನು ನಾಯಕರ ನಾಲ್ಕನೇ ಮಾತನ್ನು ಕನ್ನಡಕ್ಕೆ ತಂದು ತೆಲುಗಿಗೆ ಬಾಯಿ ತೆರೆದಾಗ ಒಳಗಿಂದ ಲಾರಿ ಹೊರಟಿತ್ತು. ಜೊತೆಗೆ ಮಲಗಿದ್ದವನು ಉರುಳಿಕೊಂಡು ತಪ್ಪಿಸಿಕೊಂಡ. ನರಸಿಂಹಪ್ಪ ಎದ್ದು ನಿಂತು ಕೈ ಅಡ್ಡ ಹಿಡಿದ. ಅವನು ಏನು ಕೂಗಿದನೋ ಯಾರಿಗೂ ಕೇಳಲಿಲ್ಲ, ಮೈಕಿನಲ್ಲಿ ಮುತ್ತರಾಯಪ್ಪನ ದನಿ ಅಷ್ಟು ಜೋರಾಗಿತ್ತು.

ಸ್ಥಳಕ್ಕೆ ಬಂದ ಪೊಲೀಸ್ ಅಧಿಕಾರಿ ಬೇರೆ ಕಡೆಯಿಂದ ಹೊಸದಾಗಿ ಬಂದವನು. ನರಸಿಂಹಪ್ಪನ ಹೆಣದ ಬಾಯಿಯ ಹತ್ತಿರ ಮೂಗು ಒಡ್ಡಿ, ಹುಳಿ ವಾಸನೆ ಬಡಿದು, ಕುಡಿದಿದ್ದ ಅಂತ ಬರೆದುಕೊಂಡ. ರಾಗಿ ಅಂಬಲಿ ಅಂತ ಮೂರು ಭಾಷೆಯಲ್ಲೂ ಹೇಳಿದರು. ಅವನು ಬರೆದದ್ದನ್ನು ಹೊಡೆಯಲಿಲ್ಲ. ರಕ್ತ ಪರೀಕ್ಷೆಗೆ ಹೋಗಿದೆ ಅಂದರು, ವರದಿ ಬರಲೇ ಇಲ್ಲ. ಕುಡುಕನೊಬ್ಬ ತೂರಾಡಿಕೊಂಡು ಲಾರಿಯಡಿ ಬಿದ್ದ ಅಂತ ಕಂಪನಿ ನೋಟೀಸು ಅಂಟಿಸಿತು. ಸಂಜೆಗೆ ಅದೇ ಊರ ಮಾತಾಯಿತು.

ನರಸಿಂಹಪ್ಪನ ಹೆಂಡತಿ ಚಿಕ್ಕತಾಯಮ್ಮನಿಗೆ ಆಗ ಮೂವತ್ತು. ಒಂದು ಹೆಣ್ಣು ಕೂಸು. ತಳಿ ಎಂಬ ಊರಿನ ಕಡೆಯಿಂದ ಸೊಪ್ಪು ತಂದು ಹೊಸೂರಲ್ಲಿ ಮಾರಿ ಬದುಕಿದಳು. ಬುಟ್ಟಿ ಇಳಿಸುವಾಗ ಯಾರಾದರೂ "ಕುಡ್ದು ಸತ್ನಲ್ಲ, ಅವನೆಂಡ್ರು" ಅಂದರೆ ತಿರುಗಿ ಅವರ ಮುಖವನ್ನೇ ನೋಡುತ್ತಿದ್ದಳು, ಅವರು ಕಣ್ಣು ತಪ್ಪಿಸುವ ತನಕ. ಮಗಳ ಮದುವೆ ಮಾತಿಗೆ ಬಂದವರೂ ಅದನ್ನೇ ಕೇಳಿದರು. ಪ್ರತಿ ವರ್ಷ ಆಗಸ್ಟ್ ಒಂಬತ್ತಕ್ಕೆ ಬೆಳಗ್ಗೆ ಆರು ಗಂಟೆಗೆ ಅವನು ಬಿದ್ದ ಜಾಗದಲ್ಲಿ ಒಂದು ಚೊಂಬು ಹುಳಿ ಅಂಬಲಿ, ಒಂದು ಈರುಳ್ಳಿ ಇಡುತ್ತಿದ್ದಳು. ಸಂಘದವರು ಸುತ್ತ ನಿಂತು ಒಬ್ಬೊಬ್ಬರೂ ಬಗ್ಗಿ ಆ ಚೊಂಬಿನ ವಾಸನೆ ನೋಡಿ ಹೋಗುವುದು ಪದ್ಧತಿ. ಇದೇ ಕಣ್ರಯ್ಯಾ ಆವತ್ತಿನ ವಾಸನೆ, ಅನ್ನುವುದಕ್ಕೆ. ಮೊದಲು ನಾನೂರು ಜನ ಬರುತ್ತಿದ್ದರು. ಈಚೆಗೆ ಹನ್ನೊಂದು.

ಇಂಥ ಹೊತ್ತಿನಲ್ಲಿ ಆದಿತ್ಯ ಬಂದ.

ಆದಿತ್ಯ ಹೊಸೂರಿನವನೇ. ಹಳೆ ಊರಿನಲ್ಲಿ ನಾಲ್ಕು ತಲೆಮಾರಿನಿಂದ ಇರುವ ಮನೆ. ಅಪ್ಪ ಲಕ್ಷ್ಮೀಪತಿ ಹೆಡ್‌ಮಾಸ್ಟರಾಗಿದ್ದವರು, ತಾಯಿ ಜಲಜಮ್ಮನೂ ಟೀಚರು. ಮಗ ಎರಡು ಸಿನಿಮಾ ಮಾಡಿ ಹೆಸರು ತೆಗೆದಿದ್ದ. ಮೂರನೆಯದು ತನ್ನ ಊರಿನ ಮುಷ್ಕರದ ಮೇಲೆ, ಮೂರು ಭಾಷೆಯಲ್ಲಿ. ಮುತ್ತರಾಯಪ್ಪನ ಮನೆಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ದಿನ ಕೇಳಿದ. ಒಳ್ಳೆಯ ಕೇಳುಗ. ಮೈಕಿನ ದನಿಯಲ್ಲಿ ಗೆಳೆಯನ ಕೂಗು ಮುಚ್ಚಿಹೋದದ್ದನ್ನು ಹೇಳಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಮಾಮಾ, ಇದು ನಿಮ್ಮ ಸೀನ್. ಇದನ್ನ ಬೇರೆ ಯಾರೂ ಮಾಡೋಕಾಗಲ್ಲ. ಮೈಕ್ ಮುಂದೆ ನೀವೇ ನಿಲ್ಲಬೇಕು."

ಮುತ್ತರಾಯಪ್ಪ ಆ ಸಂಜೆಯೇ ಕ್ಷೌರದಂಗಡಿಗೆ ಹೋಗಿ ಬಂದ.

ಹೆಂಡತಿ ರಾಮಲಕ್ಷ್ಮಮ್ಮ ಆದಿತ್ಯನ ಹಳೆಯ ಸಿನಿಮಾ ಎರಡನ್ನೂ ಟೀವಿಯಲ್ಲಿ ನೋಡಿದ್ದಳು. "ಮೀನು ಹಿಡ್ಯೋರ ಪಡ ಅಂದ್ರು. ಒಂದು ಮೀನು ತೋರಿಸ್ಲಿಲ್ಲ, ಬರೀ ಕಿಟಕೀಲಿ ಒಂದು ಹುಡುಗನ ಮೂತಿ, ಅಪ್ಪ ಬತ್ತಾನಾ ಅಂತ. ಇನ್ನೊಂದು ರೈಲ್ ಟೇಸನ್‌ದಂತೆ. ಅದ್ರಲ್ಲೂ ಅದೇ ಕಿಟಕಿ, ಅದೇ ಮೂತಿ. ಆವಯ್ಯ ಊರೂರು ಅಲೆದು ಅವರಪ್ಪನ್ನೇ ಹುಡುಕ್ತಾನೆ. ಈಗ ನಿಮ್ ಗೇಟಿಗೆ ಬಂದವ್ನೆ."

"ನಿಂಗೇನ್ ಗೊತ್ತಾಯ್ತದೆ ಸುಮ್ಕಿರೆ."

"ನಂಗ್ಯಾಕ್ ಗೊತ್ತಾಗ್ತದೆ? ಮೂರು ಬಾಯಿ ಇರೋರು ನೀವು. ಕಿವಿ ಒಂದೂ ಇಲ್ಲ."

ಸಿನಿಮಾದವರಿಗೆ ಚಿಕ್ಕತಾಯಮ್ಮನ ಒಪ್ಪಿಗೆಯ ಸಹಿ ಬೇಕಿತ್ತು. ಅವರು ಹೋಗಿದ್ದರೆ ಅವಳು ಸೊಪ್ಪಿನ ನೀರು ಎರಚಿ ಕಳಿಸುತ್ತಿದ್ದಳು. ಮುತ್ತರಾಯಪ್ಪ ಹೋದ. ಅವಳು ಮೆಂತ್ಯದ ಕಟ್ಟುಗಳನ್ನು ಬಿಡಿಸಿ ಕೊಳೆತ ಎಲೆ ಕಿತ್ತು ಹಾಕುತ್ತಿದ್ದಳು.

"ಪಡ ಬಂದ್ರೆ ನಾಡೆಲ್ಲ ನೋಡ್ತದೆ ತಾಯಮ್ಮ. ಕುಡ್ದಿದ್ದ ಅಂತ ಬರ್ದವ್ರಲ್ಲ, ಅದನ್ನ ಒಂದೇ ಏಟಿಗೆ ಅಳಿಸಾಕ್ಬೋದು. ನಾವು ಹನ್ನೊಂದು ಜನ ಚೊಂಬು ಮೂಸಿ ನೋಡಿದ್ರೆ ಯಾರ್ ನಂಬ್ತಾರೆ?"

ಅವಳು ಆ ಕಟ್ಟು ಮುಗಿಸಿ ಇನ್ನೊಂದನ್ನು ಬಿಡಿಸಿದಳು.

"ನೀನ್ ಇರ್ತೀಯ ಅಲ್ಲಿ?"

"ಎಲ್ಲಾ ದಿನಾನೂ ಇರ್ತೀನಿ. ಅವ್ರ ಮಾತು ಹೆಂಗಿತ್ತು ಅಂತ ಹೇಳ್ಕೊಡೋನೇ ನಾನು."

"ಹಂಗಾರೆ ಒಂದ್ ಮಾತು. ಹೆಸ್ರು ಬದ್ಲಾಯಿಸ್ಬಾರ್ದು. ನರಸಿಂಹಪ್ಪ ಅಂತ್ಲೇ ಇರ್ಬೇಕು. ಅವ್ರು ಕುಡ್ದಿರ್ಲಿಲ್ಲ ಅಂತ ಗೊತ್ತಾಗೋದು ಅವ್ರ ಹೆಸ್ರಿಗೇ ಗೊತ್ತಾಗ್ಲಿ."

ಆ ಒಂದು ಷರತ್ತನ್ನು ಆದಿತ್ಯ ಚಾಚೂ ತಪ್ಪದೆ ಪಾಲಿಸಿದ.

ನರಸಿಂಹಪ್ಪನ ಪಾತ್ರಕ್ಕೆ ಚೆನ್ನೈನಿಂದ ಮೋಹನ್ ಅಂತ ನಟ ಬಂದ. ಕಷ್ಟಪಡುವ ಹುಡುಗ. ಮುತ್ತರಾಯಪ್ಪ ಅವನನ್ನು ಹಳೆಯ ಶೆಡ್ಡಿನಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ಕಲಿಸಿದ. ನರಸಿಂಹಪ್ಪ ಮಾತು ಶುರು ಮಾಡುವ ಮೊದಲು "ಇಗಾ ಕೇಳು" ಅಂದು ಒಂದು ಉಸಿರು ನಿಲ್ಲುತ್ತಿದ್ದದ್ದು, ಕೊನೆಯ ಪದವನ್ನು ಮೇಲಕ್ಕೆ ಎತ್ತಿ ಬಿಡುತ್ತಿದ್ದದ್ದು, ನಕ್ಕರೆ ನಗು ಕೆಮ್ಮಾಗಿ ಮುಗಿಯುತ್ತಿದ್ದದ್ದು. ಲೇತಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಒಂದು ಕಡೆ ಒಡೆದಿದ್ದ ಗಂಟಲು. ಒಂದು ದಿನ ಮೋಹನ್ ಕಣ್ಣು ಮುಚ್ಚಿ "ಇಗಾ ಕೇಳು" ಅಂದಾಗ ಮುತ್ತರಾಯಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ಇಪ್ಪತ್ತೊಂದು ವರ್ಷದ ಮೇಲೆ ಗೆಳೆಯ ಬಾಯಿಬಿಟ್ಟಿದ್ದ.

ಸಿನಿಮಾ ಮಾಡುವ ರೀತಿ ಲೇತಿನ ರೀತಿಯಲ್ಲ. ಲೇತಿನಲ್ಲಿ ಮೊದಲು ನಕ್ಷೆ ನೋಡುತ್ತಾರೆ, ಯಾವ ಗಾಡಿಗೆ ಯಾವ ಹಲ್ಲು ಅಂತ ಗೊತ್ತಿರುತ್ತದೆ. ಇಲ್ಲಿ ಕೊನೆಯದು ಮೊದಲು, ಮಧ್ಯದ್ದು ಆಮೇಲೆ. ಬೆಳಗ್ಗೆ ಒಂದು ಚೀಟಿ ಕೈಗೆ ಬರುತ್ತಿತ್ತು. ಅದರಲ್ಲಿ ಎರಡು ಮೂರು ಮಾತು. ಯಾರು ಯಾರಿಗೆ, ಯಾವಾಗ, ಎಲ್ಲಿ ಅನ್ನುವುದು ಇಲ್ಲ. ಮುತ್ತರಾಯಪ್ಪ ಆ ಮಾತುಗಳನ್ನು ನರಸಿಂಹಪ್ಪನ ಬಾಯಿಗೆ ತಕ್ಕಂತೆ ತಿದ್ದಿ ಮೋಹನನಿಗೆ ಹೇಳಿಕೊಡುತ್ತಿದ್ದ. "ಯಾರ್ಲಾ ನನ್ ತಡಿಯೋನು? ಬರ್ಲಿ ಇವತ್ತು" ಅಂತ ಒಂದು ಚೀಟಿ. ಗೇಟಿನ ಮಾತು ಅಂದುಕೊಂಡ. "ಇದೊಂದ್ಸಲ ಬುಟ್ಬುಡಪ್ಪಾ, ನಾಳೆಯಿಂದ ಇಲ್ಲ" ಅಂತ ಇನ್ನೊಂದು.

"ಇದ್ಯಾರ್ಗೆ ಹೇಳೋದು?" ಅಂತ ಚೀಟಿ ತಂದ ಸ್ಮೃತಿಯನ್ನು ಕೇಳಿದ. ಸ್ಮೃತಿ ಸಹಾಯಕ ನಿರ್ದೇಶಕಿ, ಹಳೆಯ ಕೇಸಿನ ಕಾಗದವನ್ನೆಲ್ಲ ಹುಡುಕಿ ತೆಗೆದವಳು ಅವಳೇ.

"ಮಗನಿಗೆ ಅಂಕಲ್."

"ಅವ್ನಿಗೆ ಮಗ ಎಲ್ಲವ್ನೆ? ಮಗಳು."

ಸ್ಮೃತಿ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದಳು. "ಅಂಕಲ್, ಒಂದ್ಸಲ ಪೂರ್ತಿ ಸ್ಕ್ರಿಪ್ಟ್ ಕೇಳಿ ಇಸ್ಕೊಂಡು ಓದಿ. ನಾನ್ ಹೇಳ್ದೆ ಅನ್ಬೇಡಿ. ರಕ್ತದ ವರದಿ ಬರಲಿಲ್ಲ ಅನ್ನೋದನ್ನ ಸಿನಿಮಾದಲ್ಲಿ ಇಡೋಣ ಸಾರ್ ಅಂದೆ. ಅದು ಪತ್ರಿಕೆಯವರ ಕೆಲಸ, ನಮ್ಮದಲ್ಲ ಅಂದ್ರು ಆದಿತ್ಯ ಸಾರ್."

ಅದೇ ದಿನ ಕೇಳಬೇಕಿತ್ತು. ಆದರೆ ಅವತ್ತು ಮೈಕಿನ ಸೀನು ಇತ್ತು. ಅವನಿಗೆ ಇಪ್ಪತ್ತೊಂದು ವರ್ಷ ಹಿಂದಿನಂಥದೇ ಖಾಕಿ ಅಂಗಿ ಹೊಲಿಸಿದ್ದರು. ತಲೆಗೆ ಕಪ್ಪು ಹಚ್ಚಿದ್ದರು. ಕೂರಲು ಒಂದು ಕುರ್ಚಿ, ಅದರ ಬೆನ್ನಿಗೆ ಅವನ ಹೆಸರಿನ ಚೀಟಿ. ಮುನ್ನೂರು ಜನ ಬಾಡಿಗೆ ಕಾರ್ಮಿಕರು ಅವನ ಮುಖ ನೋಡುತ್ತ ಕೂತಿದ್ದರು. ಒಂಬತ್ತು ಸಲ ಮಾಡಿಸಿದರು. ಒಂಬತ್ತನೇ ಸಲಕ್ಕೆ ಆದಿತ್ಯ ಓಡಿಬಂದು ಕಾಲು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಮೃತಿಯ ಮಾತು ಆ ಚಪ್ಪಾಳೆಯಲ್ಲಿ ಹೋಯಿತು. ನಾಳೆ ಕೇಳಿದರಾಯಿತು ಅಂದುಕೊಂಡ. ನಾಳೆ ಸ್ಮೃತಿಯನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು.

ಇನ್ನೊಂದು ದಿನ ಮೋಹನನ ಕೈಯಲ್ಲಿ ಬಾಟಲಿ ಕಂಡಿತು. ದೂರದಿಂದ. ಕ್ಯಾಮೆರಾದ ಹತ್ತಿರಕ್ಕೆ ಭಾಷೆ ಹೇಳಿಕೊಡುವವರನ್ನು ಬಿಡುತ್ತಿರಲಿಲ್ಲ.

"ಅದೇನ್ ಸಾರ್ ಕೈಯಲ್ಲಿ?"

"ನೀರು ಮಾಮಾ," ಅಂದ ಆದಿತ್ಯ. ಸುಳ್ಳಲ್ಲ, ಶೂಟಿಂಗಿನ ಬಾಟಲಿಯಲ್ಲಿ ನೀರೇ ಇರುವುದು. ಆ ಸೀನು ಮುಗಿದ ಮೇಲೆ ಆದಿತ್ಯ ಮೋಹನನನ್ನು ತಬ್ಬಿಕೊಂಡು ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಜದ್ದೇ. ನೋಡಿ ಮುತ್ತರಾಯಪ್ಪನ ಕಣ್ಣೂ ತೇವವಾಯಿತು. ನಮ್ಮ ನರಸಿಂಹಪ್ಪನಿಗೆ ಅಳುವವರು ಇನ್ನೊಬ್ಬರು ಸಿಕ್ಕರು ಅಂದುಕೊಂಡ.

ಸಿನಿಮಾ ಜೂನ್‌ನಲ್ಲಿ ಬಿಡುಗಡೆಯಾಯಿತು. ಮುತ್ತರಾಯಪ್ಪ, ರಾಮಲಕ್ಷ್ಮಮ್ಮ, ಚಿಕ್ಕತಾಯಮ್ಮ ಮೂವರೂ ಹೊಸೂರಿನ ಥಿಯೇಟರಿಗೆ ಹೋದರು. ಚಿಕ್ಕತಾಯಮ್ಮ ಮಗಳ ಮದುವೆಗೆ ತೆಗೆದಿದ್ದ ಸೀರೆ ಉಟ್ಟಿದ್ದಳು. ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ತೆರೆಯ ತುಂಬ ಮುತ್ತರಾಯಪ್ಪನ ಮುಖ ಬಂತು. ಮೈಕು, ಖಾಕಿ ಅಂಗಿ, ಕಪ್ಪು ತಲೆ. ನಾಲ್ಕು ಸೆಕೆಂಡು. ರಾಮಲಕ್ಷ್ಮಮ್ಮ ಮೊಣಕೈಯಲ್ಲಿ ತಿವಿದಳು. ಬದುಕಿನಲ್ಲಿ ಅಷ್ಟು ಸಂತೋಷವಾದದ್ದು ಅವನಿಗೆ ನೆನಪಿಲ್ಲ.

ಆಮೇಲೆ ಒಂದು ಕಿಟಕಿ. ಕಿಟಕಿಯಲ್ಲಿ ಒಂದು ಹುಡುಗನ ಮುಖ.

ಮುಂದಿನ ಎರಡು ಗಂಟೆ ಆ ಹುಡುಗನದೇ. ಮುಷ್ಕರ ಹಿಂದೆಲ್ಲೋ ಮಸುಕಾಗಿ ಇತ್ತು, ಮದುವೆ ಮನೆಯ ವಾಲಗದ ಹಾಗೆ. ನರಸಿಂಹಪ್ಪ ಬಾಗಿಲು ಒದ್ದುಕೊಂಡು ಒಳಗೆ ಬಂದ. ಕೈಯಲ್ಲಿ ಬಾಟಲಿ. "ಇಗಾ ಕೇಳು" ಅಂದ, ಒಂದು ಉಸಿರು ನಿಂತ, ತೊದಲಿದ. "ಯಾರ್ಲಾ ನನ್ ತಡಿಯೋನು? ಬರ್ಲಿ ಇವತ್ತು." ಎದುರಿಗೆ ಗೇಟಿರಲಿಲ್ಲ, ಹೆಂಡತಿ ಇದ್ದಳು, ಗೋಡೆಗೆ ಆನಿಕೊಂಡು. ಹುಡುಗ ಅಪ್ಪನಿಗೆ ಅಂಬಲಿ ತಂದುಕೊಟ್ಟ, ಅಪ್ಪ ಚೊಂಬು ಒದ್ದ. ಬೆಳಗ್ಗೆ ತಲೆ ಬಗ್ಗಿಸಿ ಕೂತು, "ಇದೊಂದ್ಸಲ ಬುಟ್ಬುಡಪ್ಪಾ, ನಾಳೆಯಿಂದ ಇಲ್ಲ" ಅಂದು ನಕ್ಕ, ನಗು ಕೆಮ್ಮಾಯಿತು. ಕೊನೆಗೆ ತೂರಾಡಿಕೊಂಡು ಗೇಟಿಗೆ ಹೋಗಿ, ಲಾರಿಗೆ ಅಡ್ಡ ನಿಂತು, ಮಗನ ಕ್ಷಮೆ ಕೇಳುತ್ತ ಸತ್ತ. ಥಿಯೇಟರಿನಲ್ಲಿ ಮೂಗೊರೆಸುವ ಸದ್ದು. ಮುಗಿದ ಮೇಲೆ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ: 'ನರಸಿಂಹಪ್ಪನ ನೆನಪಿಗೆ.'

ಹೊರಗೆ ಬಂದು ಮೂವರೂ ಬಸ್ ನಿಲ್ದಾಣದ ತನಕ ನಡೆದರು. ರಾಮಲಕ್ಷ್ಮಮ್ಮ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ಚಿಕ್ಕತಾಯಮ್ಮನೇ ಕೇಳಿದಳು. "ಆ ದನಿ ಯಾರ್ ಹೇಳ್ಕೊಟ್ಟಿದ್ದು?"

ಗೊತ್ತಿದ್ದೂ ಕೇಳಿದಳು. ಅವನ ಬಾಯಿಂದ ಬರಲಿ ಅಂತ.

"ನಾನೇ ತಾಯಮ್ಮ."

"ಚೆನ್ನಾಗ್ ಹೇಳ್ಕೊಟ್ಟಿದ್ದೀಯ ಅಣ್ಣ. ಅವ್ರೇ ಎದ್ದು ಬಂದಂಗಾಯ್ತು." ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ಕುಡ್ಕೊಂಡ್ ಎದ್ದು ಬಂದಂಗೆ."

ಮೂರನೆಯ ದಿನ ಮುತ್ತರಾಯಪ್ಪ ಆದಿತ್ಯನ ಮನೆಗೆ ಹೋದ. ಜಲಜಮ್ಮ ಬಾಗಿಲು ತೆಗೆದು, ಹಜಾರದಲ್ಲಿ ಕೂರಿಸಿ ಕಾಫಿ ತಂದುಕೊಟ್ಟರು. ಗೋಡೆಯ ಮೇಲೆ ಲಕ್ಷ್ಮೀಪತಿಯವರ ಪಟ, ಗಂಧದ ಹಾರ, ಸನ್ಮಾನದ ಶಾಲು ಹೊದ್ದ ಫೋಟೋ.

"ಸಿನಿಮಾ ತುಂಬಾ ಚೆನ್ನಾಗಿದೆಯಂತೆ. ನಾನು ನೋಡಲಿಲ್ಲಪ್ಪ," ಅಂದರು ಜಲಜಮ್ಮ. "ಕುಡುಕರ ಕತೆ ಅಂದರೆ ನಂಗಾಗಲ್ಲ. ನಮ್ಮನೇಲಿ ಅಂಥದ್ದೆಲ್ಲ ಯಾವತ್ತೂ ಇರಲಿಲ್ಲ ನೋಡಿ." ಹೇಳುವಾಗ ಅವರ ಕಣ್ಣು ಪಟದ ಕಡೆ ಹೋಗಿ, ಪಟದಿಂದ ಬೀದಿಯ ಕಡೆಯ ಕಿಟಕಿಗೆ ಹೋಯಿತು. ಸರಳಿನ ಕಿಟಕಿ, ಕೆಳಗೆ ಮಗು ಹತ್ತಿ ನಿಲ್ಲುವಷ್ಟು ಎತ್ತರದ ಕಟ್ಟೆ. ಮುತ್ತರಾಯಪ್ಪ ಅದನ್ನು ಮೂರು ದಿನದ ಹಿಂದೆ ತೆರೆಯ ಮೇಲೆ ನೋಡಿದ್ದ.

ಜಲಜಮ್ಮ ಒಳಗೆ ಹೋದ ಮೇಲೆ ಆದಿತ್ಯ ಬಂದ.

"ಮಾಮಾ, ನೀವು ಬೇಜಾರಾಗಿದ್ದೀರ ಅಂತ ಗೊತ್ತು. ಆದರೆ ಒಬ್ಬ ನಿರ್ಮಲವಾದ ಹೀರೋ ಸತ್ತರೆ ಯಾರಿಗೂ ಏನೂ ಆಗಲ್ಲ. ತಪ್ಪು ಮಾಡಿದ ಮನುಷ್ಯ ಎದ್ದು ನಿಂತರೆ ಆಗ ಆಗುತ್ತೆ. ನಾನು ಅವರನ್ನ ದೊಡ್ಡವರನ್ನಾಗಿ ಮಾಡಿದೀನಿ."

"ಅವ್ನು ಕುಡೀತಿರ್ಲಿಲ್ಲ."

"ಅದು ನರಸಿಂಹಪ್ಪ ಅಲ್ಲ ಮಾಮಾ." ಆದಿತ್ಯನ ದನಿ ಇಳಿಯಿತು. "ಅದು ನನ್ನಪ್ಪ. ಹತ್ತು ವರ್ಷ ಆ ಕಿಟಕೀಲಿ ನಿಂತಿದ್ದೆ ನಾನು. ನಿಮಗೆ ಹೇಗೆ ಹೇಳಲಿ? ಈ ಸಿನಿಮಾ ಮಾಡದೇ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ."

"ಹಂಗಾರೆ ನಿಮ್ಮಪ್ಪನ್ನ ನಿಮ್ಮಪ್ಪನ ಹೆಸ್ರಲ್ಲೇ ತೋರಿಸ್ಬೋದಿತ್ತಲ್ಲ ಸಾರ್. ಹೆಡ್‌ಮಾಸ್ಟ್ರು ಲಕ್ಷ್ಮೀಪತಿ ಅಂತ."

ಆದಿತ್ಯ ಅಡುಗೆಮನೆಯ ಬಾಗಿಲ ಕಡೆ ನೋಡಿ ಮೆಲ್ಲಗೆ ಅಂದ: "ಅಮ್ಮ ಬದುಕಿದ್ದಾರೆ ಮಾಮಾ."

"ನಿಮ್ ತಾಯಿ ಬದುಕವ್ರೆ. ಚಿಕ್ಕತಾಯಮ್ಮ ಸತ್ತೋಗವ್ಳಾ?"

ಆದಿತ್ಯ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ಬಂತು. ಮುತ್ತರಾಯಪ್ಪ ಈ ಸಲ ಆ ನೀರು ಯಾರಿಗೆ ಅಂತ ಸರಿಯಾಗಿ ನೋಡಿದ. ಅದರಲ್ಲಿ ಒಂದು ಹನಿಯೂ ಗೇಟಿನ ಕಡೆಗೆ ಹರಿಯುತ್ತಿರಲಿಲ್ಲ. ಓದಿದವರ ಮನೆಯ ಹೆಂಡವನ್ನು ತೊಳೆಯಲು ಒಬ್ಬ ಕೂಲಿಯವನ ಹೆಣ ಬೇಕಾಗಿತ್ತು. ಹೆಣ ಎತ್ತಿ ತಂದುಕೊಟ್ಟವನು ತಾನು. ದನಿ ಸಮೇತ.

"ಕೊನೇಲಿ ಬಿಳಿ ಅಕ್ಷರ ಬರ್ತದಲ್ಲ, ಅದನ್ನ ಬದಲಾಯಿಸ್ರಿ. ಕುಡ್ದಿರ್ಲಿಲ್ಲ ಅಂತ ಒಂದು ಸಾಲು ಹಾಕ್ರಿ."

"ಈಗ ಆಗಲ್ಲ ಮಾಮಾ. ಸೆನ್ಸಾರ್ ಆಗಿದೆ. ಮತ್ತೆ, ಆ ಸಾಲು ಬಂದ್ರೆ ಇಡೀ ಸಿನಿಮಾ ಸುಳ್ಳಾಗಿಬಿಡುತ್ತಲ್ಲ."

ತನಗೆ ಗೊತ್ತಿಲ್ಲದೆ ಆದಿತ್ಯ ಆಡಿದ ಒಂದೇ ಒಂದು ನಿಜ ಅದು.

ಮುತ್ತರಾಯಪ್ಪ ಥಿಯೇಟರಿನ ಗೇಟಿಗೆ ಹೋದ. ಗೇಟಿನ ಮುಂದೆ ನಿಂತು ಮಾತಾಡುವುದನ್ನು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಮ್ಯಾಟಿನಿ ಬಿಟ್ಟ ಜನಕ್ಕೆ ಕೂಗಿ ಹೇಳಿದ. ತಮಿಳಲ್ಲಿ ಹೇಳಿದ, ಕನ್ನಡದಲ್ಲಿ ಹೇಳಿದ, ತೆಲುಗಲ್ಲಿ ಹೇಳಿದ. ನರಸಿಂಹಪ್ಪ ಕುಡಿಯುತ್ತಿರಲಿಲ್ಲ, ಅದು ರಾಗಿ ಅಂಬಲಿ, ಅಂದ. ಜನ ಗುರುತು ಹಿಡಿದರು. ಮೈಕಿನವನಲ್ವಾ ಇವ್ನು, ಅಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಯಾರೋ ವೀಡಿಯೊ ಮಾಡಿದರು. ಮಾರನೇ ದಿನ ಆದಿತ್ಯ ಅದನ್ನೇ ತನ್ನ ಪುಟದಲ್ಲಿ ಹಾಕಿದ. ದನಿ ತೆಗೆದು ಕೆಳಗೆ ಸಂಗೀತ ಹಾಕಿದ್ದ. ಸಿನಿಮಾ ಮುಗಿದರೂ ಗೆಳೆಯನ ನೋವಿನಿಂದ ಹೊರಬರಲಾಗದ ಒಬ್ಬ ಹಿರಿಯ ಹೋರಾಟಗಾರ, ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ, ಅಂತ ಬರೆದಿದ್ದ. ರಾಮಲಕ್ಷ್ಮಮ್ಮ ಮೊಬೈಲು ಹಿಡಿದು ತೋರಿಸಿದಳು. ಬಾಯಿ ಮೂರು ಸಲ ಆಡುತ್ತಿತ್ತು, ಮಾತು ಒಂದೂ ಇರಲಿಲ್ಲ.

ಅವತ್ತಿನಿಂದ ಅವನು ಥಿಯೇಟರಿಗೆ ಹೋಗಲಿಲ್ಲ.

ಆಗಸ್ಟ್ ಒಂಬತ್ತು ಬಂತು. ಹಳೆಯ ಗಿಯರ್ ಕಾರ್ಖಾನೆ ಈಗ ಯಾವುದೋ ಸಾಮಾನಿನ ಗೋಡೌನು. ಗೇಟು ಮಾತ್ರ ಅದೇ. ಬೆಳಗ್ಗೆ ಆರಕ್ಕೆ ಹೋದರೆ, ಹನ್ನೊಂದು ಜನ ಇರಬೇಕಾದ ಕಡೆ ಅರವತ್ತು ಎಪ್ಪತ್ತು ಜನ. ಮೋಟಾರ್ ಬೈಕುಗಳ ಸಾಲು. ಎಲ್ಲ ಹೊಸ ಹುಡುಗರು, ಕಾಂಟ್ರಾಕ್ಟ್ ಕೆಲಸದವರು, ಕೊರಳಲ್ಲಿ ಕಂಪನಿ ಕಾರ್ಡು. ಮುತ್ತರಾಯಪ್ಪನ ಎದೆ ಒಂದು ಗಳಿಗೆ ಅರಳಿತು.

ಚಿಕ್ಕತಾಯಮ್ಮ ಚೊಂಬು ಹಿಡಿದು ಬಂದಳು. ಅವನ ಕಡೆ ನೋಡಲಿಲ್ಲ. ಜನ ದಾರಿ ಬಿಟ್ಟರು. ನರಸಿಂಹಪ್ಪ ಬಿದ್ದ ಜಾಗದಲ್ಲಿ ಆಗಲೇ ಚೆಂಡು ಹೂವಿನ ಒಂದು ಹಾರ ಇತ್ತು. ಹಾರದ ನಡುವೆ ಒಂದು ಕ್ವಾರ್ಟರ್ ಬಾಟಲಿ, ಪಕ್ಕದಲ್ಲಿ ಎರಡು, ಅದರ ಪಕ್ಕ ಊದುಬತ್ತಿ.

"ಯಾರಪ್ಪಾ ಇದನ್ನ ಇಟ್ಟೋರು?" ಅಂದ ಮುತ್ತರಾಯಪ್ಪ.

ಒಬ್ಬ ಹುಡುಗ ಮುಂದೆ ಬಂದ. ಪ್ರಮೋದ್ ಅಂತೆ, ಮಂಡ್ಯ ಕಡೆಯವನು, ಹೊಸೂರಿಗೆ ಬಂದು ಎರಡು ವರ್ಷವಂತೆ. ಚಪ್ಪಲಿ ಬಿಟ್ಟು ನಿಂತಿದ್ದ. "ನಾವೇ ಅಂಕಲ್. ಪಡ ನಾಕ್ ಸಲ ನೋಡ್ದೊ. ನಮ್ ಲೈನ್ ಹುಡುಗ್ರೆಲ್ಲ ಅತ್ಬುಟ್ರು. ಅಣ್ಣಂಗೆ ಇಷ್ಟ ಅಂತ ತಂದೊ. ತಪ್ಪು ತಿಳ್ಕೋಬೇಡಿ, ಭಕ್ತಿಯಿಂದ್ಲೇ ತಂದಿರೋದು."

ಅವನ ಮುಖದಲ್ಲಿ ಕುಚೇಷ್ಟೆ ಇರಲಿಲ್ಲ. ಇದ್ದಿದ್ದರೆ ಕಪಾಳಕ್ಕೆ ಬಿಗಿಯಬಹುದಿತ್ತು.

ಮುತ್ತರಾಯಪ್ಪ ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ.

"ಸುಮ್ನಿರಣ್ಣ," ಅಂದಳು ಚಿಕ್ಕತಾಯಮ್ಮ. "ಮೂರು ಭಾಷೇಲೂ ಆಯ್ತಲ್ಲ."

ಅವಳು ಚೊಂಬನ್ನು ನೆಲಕ್ಕೆ ಇಡಲಿಲ್ಲ. ಹುಡುಗರ ಕಡೆ ಒಮ್ಮೆ ನೋಡಿದಳು. ಮೂಸಿ ನೋಡಿ ಅಂತ ಯಾರ ಮುಂದೂ ಹಿಡಿಯಲಿಲ್ಲ. ತಲೆ ಎತ್ತಿ, ನಿಂತಲ್ಲೇ, ಅಂಬಲಿಯನ್ನು ಗಟಗಟ ತಾನೇ ಕುಡಿದಳು. ಸೆರಗಿನಲ್ಲಿ ಬಾಯೊರೆಸಿಕೊಂಡಳು. ಈರುಳ್ಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮುಂದಿನ್ ವರ್ಷ ನಾನು ಬರಾಕಿಲ್ಲ. ಇನ್ಮೇಲೆ ಇಲ್ಲಿ ಏನಿಟ್ರೂ ಒಂದೇ ವಾಸ್ನೆ."

ಆಮೇಲೆ ಬಗ್ಗಿ, ಹಾರದ ನಡುವಿನ ಬಾಟಲಿಯನ್ನು ಎತ್ತಿ ಮುತ್ತರಾಯಪ್ಪನ ಕೈಗೆ ಕೊಟ್ಟಳು. ಅದರ ಕುತ್ತಿಗೆಗೆ ಹೂವಿನ ಒಂದು ಎಳೆ ಸುತ್ತಿಕೊಂಡಿತ್ತು.

"ಇದ್ನ ಇಲ್ಲಿಗೆ ತಂದೋನು ನೀನು. ನೀನೇ ತಗೊಂಡೋಗು."

ಸೊಪ್ಪಿನ ಗಾಡಿ ಬರುವ ಹೊತ್ತಾಗಿತ್ತು. ಅವಳು ಖಾಲಿ ಚೊಂಬು ಬೀಸಿಕೊಂಡು ನಡೆದಳು. ಹುಡುಗರು ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಿಬ್ಬರು ಮೊಬೈಲು ತೆಗೆದಿದ್ದರು. ಆ ಹುಡುಗರ ಎದುರಿಗೆ ಬಾಟಲಿಯನ್ನು ಬೀದಿಗೆ ಒಗೆಯಲು ಮುತ್ತರಾಯಪ್ಪನಿಗೆ ಕೈ ಬರಲಿಲ್ಲ. ಹಿಡಿದುಕೊಂಡೇ ಬಸ್ ಸ್ಟಾಪಿಗೆ ಬಂದ.

ಬೇರಿಕೆಯ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಡುವಾಗ ಕಂಡಕ್ಟರು ಅವನ ಕೈ ನೋಡಿದ, ಕೆಂಪಾದ ಕಣ್ಣು ನೋಡಿದ, ಅಡ್ಡ ಕೈ ಹಿಡಿದ.

"ಬೆಳ್‌ಬೆಳಗ್ಗೇನೇ ಶುರುನಾ ತಾತಾ? ಇಳಿ ಇಳಿ. ಕುಡ್ದೋರ್ನ ಹತ್ತಿಸ್ಕಳಲ್ಲ."

ಕುಡಿದಿಲ್ಲ ಅನ್ನಲು ಅವನಿಗೆ ಮೂರು ಭಾಷೆ ಬರುತ್ತಿತ್ತು. ಒಂದನ್ನೂ ಆಡದೆ ಕೆಳಗಿಳಿದ. ಬಸ್ಸು ಹೋಯಿತು. ಊರಿನ ದಾರಿ ಹಿಡಿದು ನಡೆಯತೊಡಗಿದ.